ಮನಾಮದಲ್ಲಿ ಇಬ್ಬರಿಗೊಂದು ಕೋಣೆ

ನವೆಂಬರ್ ಬಂತೆಂದರೆ ಬಹ್ರೈನಿನ ಕನ್ನಡಿಗರಿಗೆ ಎರಡು ಸಂತೋಷ. ಒಂದು ನಮ್ಮ ರಾಜ್ಯೋತ್ಸವ. ಇನ್ನೊಂದು, ಸೆಖೆ ಇಳಿದು ಸಂಜೆ ಹೊತ್ತು ಹೊರಗೆ ಕಾಲಿಡುವಂಥ ಹವೆ. ಇಲ್ಲಿಂದ ಮಾರ್ಚ್‌ವರೆಗೆ ನೆಂಟರಿಷ್ಟರು ಬರುವ ಕಾಲ. ಮಗ-ಸೊಸೆಯನ್ನು ನೋಡಲು ಊರಿನಿಂದ ಹಿರಿಯ ದಂಪತಿಗಳು ಬರುತ್ತಾರೆ. ದಮಾಮ್, ಜುಬೈಲ್‌ಗಳಿಂದ ಸ್ನೇಹಿತರು ಕಾಸ್‌ವೇ ದಾಟಿ ಬರುತ್ತಾರೆ. ಇವರ ನಡುವೆ ಇನ್ನೊಂದು ಜೋಡಿಯೂ ಇದೆ. ಗಂಡ ಕಂಪನಿಯ ಕ್ಯಾಂಪಿನಲ್ಲೋ ಆರು ಜನರ ಶೇರಿಂಗ್ ರೂಮಿನಲ್ಲೋ ಇರುವವನು. ಹೆಂಡತಿ ಊರಿನಲ್ಲಿ ಮಕ್ಕಳನ್ನೂ ಅತ್ತೆಯನ್ನೂ ನೋಡಿಕೊಂಡು, ಎರಡು ವರ್ಷಕ್ಕೊಮ್ಮೆ ಅವನ ಮುಖ ಕಾಣುವವಳು. ಫ್ಯಾಮಿಲಿ ವೀಸಾಕ್ಕೆ ಬೇಕಾದ ಸಂಬಳ ಅವನಿಗಿಲ್ಲ. ವಿಸಿಟ್ ವೀಸಾದಲ್ಲಿ ಒಂದು ವಾರ ಕರೆಸಿಕೊಂಡು, ತಾನಿರುವ ಊರನ್ನು ತೋರಿಸಬೇಕೆಂಬ ಆಸೆ ಮಾತ್ರ ಇದೆ.

ಕುಂದಾಪುರ ಕಡೆಯ ಡ್ರೈವರ್ ಒಬ್ಬರು ರಕ್ತದೊತ್ತಡ ತೋರಿಸಲು ಬಂದವರು, ಮದ್ದಿನ ಚೀಟಿ ಜೇಬಿಗಿಟ್ಟು ಎದ್ದು ನಿಂತು ಕೇಳಿದರು: "ಡಾಕ್ಟ್ರೇ, ಮನೆಯವಳು ಬರ್ತಿದ್ದಾಳೆ, ಒಂದು ವಾರಕ್ಕೆ. ಎಲ್ಲಿ ಇಳಿಸೋದು?" ಎಂ.ಡಿ. ಪರೀಕ್ಷೆಯಲ್ಲಿ ಇಂಥ ಪ್ರಶ್ನೆ ಬಂದಿರಲಿಲ್ಲ! ಆದರೂ ನಿದ್ದೆ, ಊಟ, ನಡಿಗೆ, ಮನಸ್ಸಿನ ನೆಮ್ಮದಿ ಎಲ್ಲವೂ ಆ ಪ್ರಶ್ನೆಯೊಳಗೇ ಇದ್ದವು. ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ.

ಎಲ್ಲಿ?

ಮುಹರಕ್‌ನ ವಿಮಾನ ನಿಲ್ದಾಣದಿಂದ ಮನಾಮದ ಪೇಟೆಗೆ ಕಾರಿನಲ್ಲಿ ಸುಮಾರು ಕಾಲು ಗಂಟೆ. ಆದ್ದರಿಂದ ವಿಮಾನ ನಿಲ್ದಾಣ ಹತ್ತಿರವೆಂದು ಯಾರೂ ಹೆಚ್ಚು ದುಡ್ಡು ಕೊಡಬೇಕಾಗಿಲ್ಲ. ಮಿತದರದ ಕೋಣೆಗಳು ಹೆಚ್ಚಾಗಿ ಮೂರು ಕಡೆ ಸಿಗುತ್ತವೆ.

ಮೊದಲನೆಯದು ಬಾಬ್ ಅಲ್ ಬಹ್ರೈನ್ ಹೆಬ್ಬಾಗಿಲಿನ ಹಿಂದಿರುವ ಹಳೆಯ ಸೂಕ್. ಬಟ್ಟೆ, ಮಸಾಲೆ, ಚಿನ್ನದ ಅಂಗಡಿಗಳ ಓಣಿಗಳು. ಸಿಂಧಿ ವ್ಯಾಪಾರಿಗಳು ಕಟ್ಟಿದ, ಸುಮಾರು ಇನ್ನೂರು ವರ್ಷ ಹಳೆಯ ಶ್ರೀನಾಥಜಿ ದೇವಸ್ಥಾನ ಇಲ್ಲೇ ಇದೆ. ಇದರ ಜೀರ್ಣೋದ್ಧಾರಕ್ಕೆ 2019ರ ಆಗಸ್ಟ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ಬಂದಾಗ ಚಾಲನೆ ಸಿಕ್ಕಿತು. ಸಸ್ಯಾಹಾರಿ ಊಟ, ಚಹಾ ಎಲ್ಲ ಕೈಗೆಟುಕುವ ದೂರದಲ್ಲಿ. ತೊಂದರೆಯೆಂದರೆ ಕಟ್ಟಡಗಳು ಹಳೆಯವು, ಕಾರು ನಿಲ್ಲಿಸಲು ಜಾಗವಿಲ್ಲ.

ಎರಡನೆಯದು ಗುದೇಬಿಯಾ ಮತ್ತು ಹೂರಾ. ನಮ್ಮವರು ತುಂಬಾ ಜನ ವಾಸಿಸುವ ಪ್ರದೇಶ. ದೋಸೆ ಬೇಕೆಂದರೂ ಕುಚ್ಚಲಕ್ಕಿ ಬೇಕೆಂದರೂ ಸಿಗುತ್ತದೆ. ಆದರೆ ಹೂರಾದ ಎಕ್ಸಿಬಿಷನ್ ರಸ್ತೆ ವಾರಾಂತ್ಯದಲ್ಲಿ ನಡುರಾತ್ರಿಯವರೆಗೂ ಮಲಗುವುದಿಲ್ಲ.

ಮೂರನೆಯದು ಜುಫೇರ್. ಅಡುಗೆಮನೆಯಿರುವ ಫರ್ನಿಶ್ಡ್ ಫ್ಲಾಟುಗಳು ಇಲ್ಲಿ ಹೆಚ್ಚು. ಅಲ್ ಫಾತೆಹ್ ಮಸೀದಿ ಹತ್ತಿರ. ಎರಡು ವಾರ ಇರುವ ಹಿರಿಯರಿಗೆ, ಗಂಜಿ, ಸಾರು ತಾವೇ ಮಾಡಿಕೊಳ್ಳುವವರಿಗೆ ಇದು ಅನುಕೂಲ.

ನಮ್ಮ ಡ್ರೈವರ್ ಮಹಾಶಯರು ಜುಫೇರ್‌ನ ದೊಡ್ಡ ಕೋಣೆಯನ್ನು ನೋಡಿ ಮನಸೋತಿದ್ದರು. "ನಿಮಗೆ ರಜೆ ಎಷ್ಟು ದಿನ?" ಎಂದು ಕೇಳಿದೆ. "ಎರಡೇ ದಿನ, ಉಳಿದ ದಿನ ಸಂಜೆ ಬರ್ತೇನೆ" ಎಂದರು. ಹಾಗಾದರೆ ಹಗಲೆಲ್ಲ ಆ ಹೆಣ್ಣುಮಗಳು ನಾಲ್ಕು ಗೋಡೆ ನೋಡಿಕೊಂಡು ಕೂರಬೇಕೇ? ಅರಬ್ಬಿ ಬಾರದು, ಟ್ಯಾಕ್ಸಿ ಹಿಡಿಯಲು ಧೈರ್ಯವಿಲ್ಲ. ಅದೇ ಸೂಕಿನ ಹತ್ತಿರವಾದರೆ ಕೋಣೆ ಚಿಕ್ಕದಾದರೂ ಕೆಳಗಿಳಿದು ದೇವಸ್ಥಾನಕ್ಕೆ ಹೋಗಬಹುದು, ಅಂಗಡಿ ಸುತ್ತಬಹುದು, ಹಿಂದಿಯಲ್ಲೇ ವ್ಯವಹಾರ ಮುಗಿಸಬಹುದು. ಅವರು ಸೂಕಿನ ಬಳಿಯೇ ಕೋಣೆ ಹಿಡಿದರು. ಮೂರನೆಯ ದಿನಕ್ಕೆ ಆಕೆಗೆ ಬಳೆ ಅಂಗಡಿಯವನ ಪರಿಚಯವಾಗಿ, ಹನ್ನೊಂದು ವರ್ಷ ಇಲ್ಲಿದ್ದ ಗಂಡನಿಗೇ ಓಣಿ ತೋರಿಸುವಷ್ಟಾಯಿತಂತೆ!

ಯಾವಾಗ, ಎಷ್ಟಕ್ಕೆ?

ಬಹ್ರೈನಿನ ಹೋಟೆಲ್ ದರ ತಿಳಿಯಬೇಕಾದರೆ 1986ರಲ್ಲಿ ತೆರೆದ 25 ಕಿಲೋಮೀಟರ್ ಉದ್ದದ ಕಿಂಗ್ ಫಹದ್ ಕಾಸ್‌ವೇ ಕಡೆ ನೋಡಬೇಕು. ಸೌದಿಯಲ್ಲೂ ಇಲ್ಲೂ ವಾರದ ರಜೆ ಶುಕ್ರವಾರ-ಶನಿವಾರ. ಗುರುವಾರ ಸಂಜೆಯಾದರೆ ಸೇತುವೆ ತುಂಬ ಕಾರುಗಳು. ಆ ರಾತ್ರಿಯೂ ಮರುರಾತ್ರಿಯೂ ಬಾಡಿಗೆ ಏರುತ್ತದೆ. ಈದ್ ರಜೆ, ಡಿಸೆಂಬರ್ 16ರ ರಾಷ್ಟ್ರೀಯ ದಿನ, ಸಖೀರ್‌ನಲ್ಲಿ ಫಾರ್ಮುಲಾ ಒನ್ ರೇಸ್ ನಡೆಯುವ ವಾರ, ಇವೂ ಹಾಗೆಯೇ. ನಾಲ್ಕೈದು ದಿನದ ಪ್ರವಾಸವಾದರೆ ಭಾನುವಾರದಿಂದ ಗುರುವಾರ ಬೆಳಿಗ್ಗೆವರೆಗೆ ಇಟ್ಟುಕೊಳ್ಳಿ. ಆದರೆ ದುಡಿಯುವವನಿಗೆ ಬಿಡುವು ಸಿಗುವುದೇ ಶುಕ್ರವಾರ. ಅಂಥವರು ದಿನದ ಲೆಕ್ಕ ಬಿಟ್ಟು, ಇಡೀ ವಾರಕ್ಕೆ ಒಂದೇ ದರ ಮೊದಲೇ ಮಾತಾಡಿಕೊಳ್ಳುವುದು ಲಾಭ.

ಬಾಯಲ್ಲಿ ಹೇಳುವ ದರ ಬೇರೆ, ಬಿಲ್ಲಿನಲ್ಲಿ ಬರುವ ದರ ಬೇರೆ. 2019ರಲ್ಲಿ ಶೇ. 5ರಷ್ಟಿದ್ದ ವ್ಯಾಟ್ 2022ರಿಂದ ಶೇ. 10 ಆಗಿದೆ. ಸರ್ವಿಸ್ ಚಾರ್ಜ್ ಸೇರುವುದೂ ಉಂಟು. 2024ರ ಮೇ 1ರಿಂದ ಹೋಟೆಲ್ ಕೋಣೆಯ ಮೇಲೆ ದಿನಕ್ಕೆ 3 ದಿನಾರ್ ಶುಲ್ಕ ಜಾರಿಗೆ ತಂದರು. 60 ದಿನಾರ್ ಕೋಣೆಯವನಿಗೆ ಅದು ಇಪ್ಪತ್ತರಲ್ಲೊಂದು ಪಾಲು; 12 ದಿನಾರ್ ಕೋಣೆಯವನಿಗೆ ನಾಲ್ಕರಲ್ಲೊಂದು ಪಾಲು! ಇಂಥ ಏಕರೂಪದ ಶುಲ್ಕದ ಭಾರ ಬಡವನ ಕೋಣೆಯ ಮೇಲೇ ಹೆಚ್ಚು. ಆದ್ದರಿಂದ "ಎಲ್ಲ ಸೇರಿ ಒಟ್ಟು ಎಷ್ಟು?" ಎಂದು ಕೇಳಿ, ಬರಹದಲ್ಲಿ ಪಡೆಯಿರಿ.

ಓಡಾಟಕ್ಕೆ 2015ರಲ್ಲಿ ಬಂದ ಕೆಂಪು ಬಸ್ಸುಗಳಿವೆ. ಮನಾಮ ಬಸ್ ನಿಲ್ದಾಣ ಸೂಕಿನಿಂದ ನಡೆದು ಹೋಗುವಷ್ಟೇ ದೂರ. ಫಿಲ್ಸ್‌ಗಳಲ್ಲಿ ಮುಗಿಯುವ ಪ್ರಯಾಣಕ್ಕೆ ದಿನಾರ್ ಕೊಟ್ಟು ಟ್ಯಾಕ್ಸಿ ಏಕೆ?

ವೈದ್ಯನ ಕಣ್ಣಿನಲ್ಲಿ ಕೋಣೆ

ದುಡ್ಡು ಕಟ್ಟುವ ಮೊದಲು ಕೋಣೆ ನೋಡಲೇಬೇಕು. ನೋಡಬೇಕಾದದ್ದು ಇಷ್ಟು:

ಹಾಸಿಗೆಯ ಮೂಲೆಯಲ್ಲಿ ಚಾದರ ಎತ್ತಿ ಹೊಲಿಗೆಯ ಸಾಲು ನೋಡಿ. ಕಪ್ಪು ಚುಕ್ಕೆಗಳಿದ್ದರೆ ತಿಗಣೆ ಇದೆ ಎಂದೇ ತಿಳಿಯಿರಿ. ಬ್ಯಾಗನ್ನು ನೆಲದ ಮೇಲೂ ಮಂಚದ ಮೇಲೂ ಇಡಬೇಡಿ; ಅದು ನಿಮ್ಮೊಂದಿಗೆ ಊರಿಗೂ ಪ್ರಯಾಣ ಮಾಡುತ್ತದೆ.

ಬಾಗಿಲು ತೆರೆದೊಡನೆ ಮುಗ್ಗುಲು ವಾಸನೆ ಬಂದರೆ, ಏಸಿ ಹತ್ತಿರ ಗೋಡೆ ಕಪ್ಪಾಗಿದ್ದರೆ, ಅಸ್ತಮಾ ಇರುವವರಿಗೆ ಆ ಕೋಣೆ ಬೇಡ.

ಲಿಫ್ಟ್ ಇದೆಯೇ, ಕೆಲಸ ಮಾಡುತ್ತಿದೆಯೇ ನೋಡಿ. ಐವತ್ತು ದಾಟಿದ ಮೊಣಕಾಲಿಗೆ ಮೂರನೆಯ ಮಹಡಿ ದಿನಕ್ಕೆ ನಾಲ್ಕು ಸಲವೆಂದರೆ ಪ್ರವಾಸವಲ್ಲ, ಶಿಕ್ಷೆ.

ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಕೋಣೆಯಲ್ಲಿ ಫ್ರಿಜ್ ಬೇಕು. ಫ್ರೀಜರಿನಲ್ಲಿ ಮಾತ್ರ ಇಡಬಾರದು. ಹೆಪ್ಪುಗಟ್ಟಿದ ಇನ್ಸುಲಿನ್ ಪ್ರಯೋಜನಕ್ಕೆ ಬಾರದು.

ಕೆಳಗೆ ಹಾಡು-ಕುಣಿತದ ಹಾಲ್ ಇದೆಯೇ ಎಂದು ನಾಚದೆ ಕೇಳಿ. ಇದ್ದರೆ ಮೇಲಿನ ಮಹಡಿಯ ಹಿಂಬದಿಯ ಕೋಣೆ ಕೇಳಿ, ಇಲ್ಲವೇ ಬೇರೆ ಕಟ್ಟಡ ನೋಡಿ. ರಾತ್ರಿ ನಿದ್ದೆ ಕೆಟ್ಟರೆ ರಕ್ತದೊತ್ತಡದ ಮಾತ್ರೆಯೂ ಅರ್ಧ ಕೆಲಸವೇ ಮಾಡುವುದು.

ಒಂದು ಮನವಿ

ನಮ್ಮವರು ಅತಿಥಿ ಸತ್ಕಾರದಲ್ಲಿ ಹಿಂದೆ ಬಿದ್ದವರಲ್ಲ. "ಹೋಟೆಲ್ ಯಾಕೆ? ನಮ್ಮ ಹಾಲಿನಲ್ಲೇ ಮಲಗಿ" ಎಂದು ಮನಸ್ಸಿನಿಂದಲೇ ಕರೆಯುತ್ತೇವೆ. ವಯಸ್ಸಾದ ತಂದೆತಾಯಿಗೆ ಅದು ಸರಿ. ಆದರೆ ಎರಡು ವರ್ಷ ಫೋನಿನಲ್ಲೇ ಸಂಸಾರ ಮಾಡಿದ ಗಂಡ-ಹೆಂಡತಿಗೆ ನಮ್ಮ ಹಾಲಿನ ಸೋಫಾಕ್ಕಿಂತ, ಚಿಲಕ ಹಾಕಿಕೊಳ್ಳಬಹುದಾದ ಒಂದು ಚಿಕ್ಕ ಬಾಗಿಲು ದೊಡ್ಡದು. ಮಕ್ಕಳ ಫೀಸು, ಮನೆಯ ಸಾಲ, ಅತ್ತೆಯ ಕಾಯಿಲೆ, ಜಗಳ, ಅಳು, ನಗು, ಇವನ್ನೆಲ್ಲ ಪರರ ಮನೆಯಲ್ಲಿ ಪಿಸುಮಾತಿನಲ್ಲಿ ಮುಗಿಸಲಾಗದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದರು. ಆ ಹಾಸಿಗೆ ಅವರದೇ ಆಗಿರಲಿ ಎಂಬುದಷ್ಟೇ ನನ್ನ ಮಾತು.

ನಾವು ಮಾಡಬಹುದಾದದ್ದೂ ಇದೆ. ನಾವು ಕಣ್ಣಾರೆ ನೋಡಿದ, ಶುಚಿಯಾದ, ಸದ್ದಿಲ್ಲದ ಕೋಣೆಗಳ ವಿವರವನ್ನು ಪರಸ್ಪರ ಹಂಚಿಕೊಳ್ಳೋಣ. ಅರಬ್ಬಿ ಬಲ್ಲವರು ದರ ಮಾತಾಡಲು ಜೊತೆಗೆ ಹೋಗೋಣ. ಶುಕ್ರವಾರ ಅವರನ್ನು ಮನೆಗೆ ಕರೆದು ನೀರುದೋಸೆ ಬಡಿಸಿ, ಸಂಜೆ ಬಹ್ರೈನ್ ಕೋಟೆ ತೋರಿಸಿ, ರಾತ್ರಿ ಹೊತ್ತು ಮೀರದಂತೆ ಅವರ ಕೋಣೆಗೇ ಬಿಟ್ಟು ಬರೋಣ.