ಕಂಟ್ರೋಲ್ ಪಿ ಒತ್ತಿದ ಮೇಲೆ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಯಾವ ತಾಲ್ಲೂಕು ಕಚೇರಿಯ ಹತ್ತಿರ ಹೋದರೂ ಜೆರಾಕ್ಸ್ ಅಂಗಡಿ ಸಿಗುತ್ತದೆ. ಬಿಡಿ ಸುದ್ದಿಗಾರನಾದ ನನಗೆ ಅವೇ ಆಫೀಸು. ಅಲ್ಲಿ ಕೂತು ಗಮನಿಸಿದ್ದೇನೆಂದರೆ, ಟೈಪ್ ಮಾಡುವವರು ಬೇಕಾದಷ್ಟಿದ್ದಾರೆ. ಕಂಟ್ರೋಲ್ ಪಿ ಒತ್ತಿದಾಗ ತೆರೆಯುವ ಪ್ರಿಂಟ್ ಬಾಕ್ಸನ್ನು ಓದುವವರು ಕಡಿಮೆ.

ಹೋದ ವರ್ಷ ಶ್ರೀನಿವಾಸಪುರದಲ್ಲಿ ಮಾವಿನ ತೋಟದ ಅಜ್ಜ ಒಬ್ಬರು ಪೋಡಿ ಅರ್ಜಿ ಹಿಡಿದು ನನ್ನ ಹತ್ತಿರ ಬಂದರು. "ಇದ್ರಲ್ಲಿ ನಮ್ ಸರ್ವೆ ನಂಬರ್ ಎಲ್ಲೈತೆ ನೋಡಪ್ಪ" ಅಂದರು. ಎಲ್ಲೂ ಇರಲಿಲ್ಲ. ಬೆಂಗಳೂರಲ್ಲಿರುವ ಮಗ ಲೀಗಲ್ ಸೈಜಿನಲ್ಲಿ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದ ಪಿಡಿಎಫ್ ಅದು. ಅಂಗಡಿಯವರು ಎ4 ಹಾಳೆಗೆ ಹೊಡೆದಿದ್ದರು. ಲೀಗಲ್ ಹಾಳೆಯ ಉದ್ದ 356 ಮಿಲಿಮೀಟರ್, ಎ4 ಬರೀ 297. ಹತ್ತಿರ ಹತ್ತಿರ ಆರು ಸೆಂಟಿಮೀಟರ್ ಕಾಗದವೇ ಕಮ್ಮಿ. ಕೊನೆಯ ಸಾಲುಗಳ ಜೊತೆ ಸರ್ವೆ ನಂಬರೂ ಹೋಗಿತ್ತು. ಪ್ರಿಂಟ್ ಬಾಕ್ಸಿನಲ್ಲಿ 'ಆಕ್ಚುವಲ್ ಸೈಜ್' ತೆಗೆದು 'ಫಿಟ್' ಮಾಡಿಸಿದೆವು. ಅಕ್ಷರ ಚೂರು ಸಣ್ಣದಾಯಿತು, ಆದರೆ ಎಲ್ಲವೂ ಬಂತು. ಹಾಗೇ ಕೊಟ್ಟಿದ್ದರೆ ಅರ್ಜಿ ವಾಪಸ್, ಇನ್ನೊಂದು ದಿನದ ಕೆಲಸ ಹಾಳು, ಇನ್ನೊಂದು ಸಲ ಬಸ್ ಚಾರ್ಜು.

ಹಾಗಂತ ಎಲ್ಲದಕ್ಕೂ 'ಫಿಟ್' ಒಳ್ಳೆಯದಲ್ಲ. ಸರ್ವೆ ನಕ್ಷೆಯನ್ನು ಹಾಗೆ ಕುಗ್ಗಿಸಿದರೆ ಅಳತೆಯೇ ಸುಳ್ಳಾಗುತ್ತದೆ. ಲೀಗಲ್ಲಿನಿಂದ ಎ4ಗೆ ಇಳಿದಾಗ ಹತ್ತು ಸೆಂಟಿಮೀಟರಿನ ಗೆರೆ ಸುಮಾರು ಎಂಟೂಕಾಲಕ್ಕೆ ಬರುತ್ತದೆ. ಸ್ಕೇಲ್ ಇಟ್ಟು ಅಳೆಯುವ ಅಣ್ಣತಮ್ಮಂದಿರ ನಡುವೆ ಜಗಳಕ್ಕೆ ಅಷ್ಟು ಸಾಕು. ನಕ್ಷೆಗೆ ದೊಡ್ಡ ಹಾಳೆಯನ್ನೇ ಕೇಳಿ.

ನಮ್ಮ ಕಸುಬಿಗೂ ಈ ಬಾಕ್ಸು ಬೇಕು. ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿದ ಸುದ್ದಿ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತದೆ. 2015ರಲ್ಲಿ ಬಂದ ವಿಂಡೋಸ್ 10ರಿಂದೀಚೆಗೆ ಪ್ರಿಂಟರುಗಳ ಪಟ್ಟಿಯಲ್ಲೇ 'ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್' ಇದೆ. ಅದನ್ನು ಆರಿಸಿದರೆ ಅಕ್ಷರದ ರೂಪ ಫೈಲಿನೊಳಗೇ ಉಳಿಯುತ್ತದೆ, ಡೆಸ್ಕಿನವರು ಓದಬಹುದು. ಆದರೆ ಉಳಿಯುವುದು ರೂಪ ಮಾತ್ರ. ಆ ಪಿಡಿಎಫ್‌ನಲ್ಲಿ 'ಮುಳಬಾಗಿಲು' ಎಂದು ಹುಡುಕಿದರೆ ಸಿಗುವುದಿಲ್ಲ. ಹತ್ತು ವರ್ಷದ ನಂತರ ಬೇಕಾಗುವ ಸುದ್ದಿಯಾದರೆ ಯೂನಿಕೋಡ್‌ನಲ್ಲೂ ಒಂದು ಪ್ರತಿ ಇಟ್ಟುಕೊಳ್ಳಿ.

ಮುಂದಿನ ಸಲ ಯಾರಿಗಾದರೂ ಅರ್ಜಿ ಹೊಡೆಸಿಕೊಟ್ಟರೆ ಎಂಟರ್ ಒತ್ತುವ ಮೊದಲು ಮೂರು ನೋಡಿ: ಹಾಳೆಯ ಸೈಜು, ಸ್ಕೇಲು, ಪ್ರಿವ್ಯೂನಲ್ಲಿ ಕೊನೆಯ ಸಾಲು. ಅರ್ಜಿದಾರರ ಸಹಿ ಬೀಳುವುದು ಆ ಕೊನೆಯ ಸಾಲಿನ ಕೆಳಗೇ.