ತಿದಿಯೊಳಗಿನ ನಿಟ್ಟುಸಿರು

ಕ್ರೈಸ್ತರ ಹಾಡೆಂದರೆ ಕ್ರಿಸ್‌ಮಸ್ಸಿನ ಹಾಡು ಎಂದೇ ಬಹಳ ಮಂದಿಯ ತಿಳಿವಳಿಕೆ. ಚರ್ಚಿನ ಮುಂದೆ ನಕ್ಷತ್ರ ತೂಗಿದ ದಿನಗಳಲ್ಲಷ್ಟೇ ಅದು ಹೊರಗಿನವರ ಕಿವಿಗೆ ಬೀಳುವುದರಿಂದ ಹಾಗಾಗಿರಬೇಕು. ಪುಸ್ತಕ ತೆರೆದರೆ ಲೆಕ್ಕ ಬೇರೆ. ಬೈಬಲಿನ 150 ಕೀರ್ತನೆಗಳಲ್ಲಿ ಹೆಚ್ಚುಕಡಿಮೆ ಮೂರಕ್ಕೊಂದು ಅಳಲಿನದು. 88ನೆಯದಂತೂ ಕತ್ತಲಲ್ಲೇ ಮುಗಿದುಹೋಗುತ್ತದೆ, ಕೊನೆಗೊಂದು ಸಮಾಧಾನದ ಮಾತೂ ಇಲ್ಲ. ಯಾದಗಿರಿ ಸೀಮೆಗೆ ಈ ಹಾಡುಗಳನ್ನು ಹೊತ್ತು ತಂದವರಲ್ಲಿ ಅಮೆರಿಕದ ಮೆಥಡಿಸ್ಟರು ಮುಖ್ಯರು. ಊರಿನ ಹೋಲ್ಸ್ಟನ್ ಆಸ್ಪತ್ರೆಯ ಹೆಸರು ಇಂದಿಗೂ ಅವರದೇ ಗುರುತು. ಆ ಪಂಥದ ಮೂಲಪುರುಷ ಜಾನ್ ವೆಸ್ಲಿ 1780ರಲ್ಲಿ 525 ಹಾಡುಗಳ ಸಂಗ್ರಹವೊಂದನ್ನು ತಂದ; ಅದರಲ್ಲಿ ಬಹುಪಾಲು ತಮ್ಮ ಚಾರ್ಲ್ಸ್‌ನವು. ಹಾಡುಗಳನ್ನು ಜಾನ್ ಜೋಡಿಸಿದ ರೀತಿಯೇ ಸೊಗಸು. ಹಬ್ಬಹುಣ್ಣಿಮೆ ನೋಡಲಿಲ್ಲ, ಹಾಡುವವನ ಪಾಡು ನೋಡಿದ: ಹಿಗ್ಗುವವರಿಗೆ, ಹೋರಾಡುವವರಿಗೆ, ಎಚ್ಚರವಾಗಿ ಕಾಯುವವರಿಗೆ, ದುಡಿಯುವವರಿಗೆ, ನೋವುಣ್ಣುವವರಿಗೆ, ನರಳುವವರಿಗೆ. ಆ ಸಾಲುಮನೆಯಲ್ಲಿ ಹಿಗ್ಗಿಗೆ ಸಿಕ್ಕಿದ್ದು ಒಂದೇ ಕೋಣೆ.

ಈ ನೆಲದಲ್ಲಿ ಕ್ರೈಸ್ತ ಹಾಡು ಬೇರು ಬಿಟ್ಟಿದ್ದು ಆ ಉಳಿದ ಕೋಣೆಗಳಿಂದ ಎಂಬುದು ನನ್ನ ವಾದ. ಅಳುವ ಹಾಡಿಗೆ ಇಲ್ಲಿ ಕಿವಿ ಮೊದಲೇ ಹದವಾಗಿತ್ತು. ಸುರಪುರ ಸೀಮೆಯ ತಿಂಥಣಿ ಮೌನೇಶ್ವರ, ಕೊಡೇಕಲ್ ಬಸವಣ್ಣನವರ ನೆಲವಿದು; ಏಕತಾರಿ ಹಿಡಿದು ಹುಟ್ಟುಸಾವಿನ ಮಾತನ್ನು ಬಯಲಲ್ಲಿ ಕೂತು ಹಾಡಿಕೊಳ್ಳುವುದು ಇಲ್ಲಿ ಹೊಸದಲ್ಲ. ಅಲಾಯಿ ಹಬ್ಬದ, ಅಂದರೆ ಮೊಹರಮ್ಮಿನ, ರಿವಾಯತ್ ಪದಗಳನ್ನೇ ನೋಡಿ: ಎಲ್ಲಿಯ ಕರ್ಬಲಾ, ಎಲ್ಲಿಯ ಶಹಾಪುರ! ಆದರೂ ಮರುಭೂಮಿಯಲ್ಲಿ ನೀರಿಲ್ಲದೆ ಸತ್ತವರ ಸಂಕಟ ಅಚ್ಚಗನ್ನಡದಲ್ಲಿ, ಹಳ್ಳಿಯ ದನಿಯಲ್ಲಿ ಹೊರಡುತ್ತದೆ. ಹಾಡುವವರ ಜಾತಿ ಧರ್ಮ ಯಾರೂ ಕೇಳುವುದಿಲ್ಲ. ಇಂಥ ಊರಲ್ಲಿ ಶುಭ ಶುಕ್ರವಾರದ ಶಿಲುಬೆಯ ಹಾಡು ಪರದೇಶಿ ಎನಿಸುವುದಾದರೂ ಹೇಗೆ? ಕರಾವಳಿಯ ಬಾಸೆಲ್ ಮಿಶನ್ನಿನವರಿಗೆ ಈ ಗುಟ್ಟು ಬೇಗ ತಿಳಿದಿತ್ತು. ಮೋಗ್ಲಿಂಗ್ 1850ರ ಹೊತ್ತಿಗೆ ದಾಸರ ಪದಗಳನ್ನು ಕೂಡಿಸಿ ಅಚ್ಚು ಹಾಕಿಸಿದರು; ಕಿಟೆಲ್ 1862ರ ‘ಕಥಾಮಾಲೆ’ಯಲ್ಲಿ ಯೇಸುವಿನ ಬದುಕನ್ನು ನಮ್ಮ ದೇಸಿ ಧಾಟಿಯ ಪದ್ಯಗಳಲ್ಲಿ ಹೇಳಿದರು. ಧರ್ಮ ಹೇಳಬಂದವರು ಮೊದಲು ಮಾತ್ರೆ ಎಣಿಸುವುದನ್ನು ಕಲಿತರು.

ಧಾಟಿಯ ಜೊತೆಗೆ ಅದರ ಹಳೆಯ ದೇವರೂ ಒಳಗೆ ಬರುವುದಿಲ್ಲವೇ ಎಂದು ಕಟ್ಟಾ ವಿಶ್ವಾಸಿಗಳು ಕೇಳುತ್ತಾರೆ. ಪರದೇಶದ ಧರ್ಮ ನಮ್ಮ ಧಾಟಿಯನ್ನು ಕದ್ದಿತೆಂದು ಹೊರಗಿನವರು ಗೊಣಗುತ್ತಾರೆ. ಇಬ್ಬರೂ ಒಮ್ಮೆ ಹಾರ್ಮೋನಿಯಂ ಪೇಟಿಯ ಮುಂದೆ ಕೂರಬೇಕು. ಅದು ಹುಟ್ಟಿದ್ದು 1840ರ ದಶಕದ ಪ್ಯಾರಿಸ್ಸಿನಲ್ಲಿ, ಕಾಲಲ್ಲಿ ತುಳಿಯುವ ವಾದ್ಯವಾಗಿ. ಕಲ್ಕತ್ತೆಯ ದ್ವಾರಕನಾಥ ಘೋಷರು ಅದರ ಕಾಲು ತೆಗೆದು, ನೆಲದ ಮೇಲೆ ಕೂತು ಎಡಗೈಲಿ ತಿದಿ ಒತ್ತುವಂತೆ ಮಾಡಿದರು. ಗಮಕ ನುಡಿಯದೆಂದು 1940ರಲ್ಲಿ ಆಕಾಶವಾಣಿ ಅದನ್ನು ಹೊರಗಿಟ್ಟು ಮೂರು ದಶಕ ಒಳಗೆ ಸೇರಿಸಲಿಲ್ಲ. ದೂರು ಸುಳ್ಳಲ್ಲ: ಒಂದು ಮನೆಯಿಂದ ಇನ್ನೊಂದು ಮನೆಗೆ ಬೆರಳು ಹಾರಬೇಕೇ ಹೊರತು ಜಾರಲಾಗದು. ಆ ನಡುವಿನ ಜಾರುವಿಕೆಯನ್ನು, ಅಂದರೆ ಅಳುವನ್ನು, ಹಾಡುವವರ ಗಂಟಲೇ ತುಂಬಿಕೊಡುತ್ತದೆ. ಮಠದ ಭಜನೆಗೂ ಕಂಪನಿ ನಾಟಕಕ್ಕೂ ಚರ್ಚಿಗೂ ಅದೇ ಪೇಟಿ. ಅದು ಯಾರದೆಂದು ತೀರ್ಮಾನಿಸಿದ ಮೇಲೆ ಧಾಟಿಯ ಜಗಳಕ್ಕೆ ಬರೋಣ.

ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಭಾರದ್ದು. ಈ ಭಾಗದ ಚರ್ಚುಗಳಿಗೆ ಬಂದವರಲ್ಲಿ ಊರ ಹೊರಗಿನ ಕೇರಿಯವರೇ ಹೆಚ್ಚು. ಅವರಿಗೆ ನೋವಿನ ಹಾಡು ಕಲಿಸುವುದೆಂದರೆ ನೋವನ್ನು ಸಹಿಸಲು ಕಲಿಸಿದಂತೆ ಅಲ್ಲವೇ? ಹಾಡಿ ಹಗುರಾದವನು ಮರುದಿನ ಅದೇ ಗೌಡರ ಹೊಲಕ್ಕೆ ತಲೆ ತಗ್ಗಿಸಿ ಹೋಗಿರುವುದೂ ಉಂಟು, ಇದನ್ನು ತಳ್ಳಿಹಾಕಲಾರೆ. ಆದರೆ ಕೀರ್ತನೆಗಳ ಅಳಲು ಬರೀ ಅಳುವಲ್ಲ, ತಕರಾರು. ಎಷ್ಟು ದಿನ ಸುಮ್ಮನಿರುತ್ತೀ ಎಂದು ದೇವರನ್ನೇ ಕಟಕಟೆಗೆ ಎಳೆಯುತ್ತದೆ. ಅಷ್ಟು ದೊಡ್ಡವನನ್ನು ಗಟ್ಟಿದನಿಯಲ್ಲಿ ಕೇಳಿ ರೂಢಿಯಾದ ಬಾಯಿಗೆ ಸಣ್ಣಪುಟ್ಟ ದೊಡ್ಡವರ ಅಂಜಿಕೆ ಸ್ವಲ್ಪವಾದರೂ ಕಡಿಮೆಯಾಗುತ್ತದೆ. ಮಂಪರು ಬರಿಸುವ ಹಾಡು ನನ್ನ ಲೆಕ್ಕದಲ್ಲಿ ಬೇರೆ: ಕೀಬೋರ್ಡಿನ ಗುಂಡಿ ಒತ್ತಿದರೆ ತಾನೇ ತಾಳ ಹಾಕುವ, ಪಲ್ಲವಿಯಿಂದ ಪಲ್ಲವಿಗೆ ಗೆಲುವನ್ನೇ ಸಾರುವ ಈಚಿನ ಹಾಡು. ಹುಡುಗರಿಗೆ ಅದು ಇಷ್ಟ, ಕುಣಿಯಲಿ. ಹಿಗ್ಗಿನ ಕೋಣೆಗೂ ದೀಪ ಬೇಕು. ಆದರೆ ಮಳೆ ಕೈಕೊಟ್ಟ ವರ್ಷ ಬೀಗ ಹಾಕಿ ಬೆಂಗಳೂರು, ಪುಣೆ, ಮುಂಬಯಿಗೆ ಗುಳೆ ಹೊರಟ ಮನೆಗೆ ಆ ಹಾಡು ಏನು ಹೇಳೀತು? ಅವರ ಪಾಡನ್ನು ಬಲ್ಲದ್ದು 137ನೆಯ ಕೀರ್ತನೆ. ಸೆರೆಹೋದ ಊರಿನ ನದೀತೀರದಲ್ಲಿ ವಾದ್ಯವನ್ನು ಮರಕ್ಕೆ ತೂಗುಹಾಕಿ, ಪರನಾಡಲ್ಲಿ ಹಾಡುವುದು ಹೇಗೆಂದು ಕೇಳಿದವರ ಹಾಡು ಅದು. ಹಾಡಲಾರೆವೆಂಬುದನ್ನೂ ಅವರು ಹಾಡಿಯೇ ಹೇಳಿದರು. ಗುಳೆ ಹೊರಟವರ ಗಂಟುಮೂಟೆಯಲ್ಲಿ ಪೇಟಿಗೆ ಜಾಗವಿರುವುದಿಲ್ಲ. ಅವರು ಕಟ್ಟುವ ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ ಭಾನುವಾರ ರಾತ್ರಿ ಚಪ್ಪಾಳೆಯ ಮೇಲೇ ಹಾಡು ನಡೆಯುತ್ತದೆ.