ಏಳು ಸೆಕೆಂಡಿನ ಬೆಲೆ

ಮೂರು ತಿಂಗಳಿಂದ ನಿಂತಿದ್ದ ಫೆಲೋಶಿಪ್ ಹಣ ಒಟ್ಟಿಗೆ ಖಾತೆಗೆ ಬಿದ್ದ ರಾತ್ರಿಯೇ ನನ್ನ ಸೈಕಲ್ಲಿಗೆ ಕಾರ್ಬನ್ ಫೋರ್ಕ್ ಮತ್ತು ಸೀಟ್ ಪೋಸ್ಟ್ ಆರ್ಡರ್ ಮಾಡಿದೆ. 18,000 ರೂಪಾಯಿ. ಇದೇ ಹಣದಲ್ಲಿ ಅಮ್ಮನಿಗೆ ಹಲ್ಲು ಕಟ್ಟಿಸೋಣ ಎಂದು ಊರಿಗೆ ಫೋನ್ ಮಾಡಿ ಹೇಳಿದ್ದವನೂ ನಾನೇ. ‘ಮುಂದಿನ ಕಂತು ಬರಲಿ’ ಎಂದು ಸಮಾಧಾನ ಹೇಳಿಕೊಂಡೆ. ನನ್ನ ಪ್ರಬಂಧದ ಮೂರನೇ ಅಧ್ಯಾಯಕ್ಕೂ ಒಂದು ವರ್ಷದಿಂದ ಇಂಥದ್ದೇ ಸಮಾಧಾನ ಹೇಳುತ್ತಾ ಬಂದಿದ್ದೆ.

ಮೈಸೂರಿನಲ್ಲಿ ಸೈಕಲ್ ತುಳಿಯುವವರಿಗೆ ಪರೀಕ್ಷೆ ಎಂದರೆ ಚಾಮುಂಡಿ ಬೆಟ್ಟ. ಬೆಳಿಗ್ಗೆ ಆರಕ್ಕೆ ಬುಡದಲ್ಲಿ ಸೇರುವ ನಮ್ಮ ಗುಂಪಿನಲ್ಲಿ ಬೆಟ್ಟದ ಮಾತು ಕಡಿಮೆ, ಸಾಮಾನಿನ ಮಾತೇ ಹೆಚ್ಚು. ಯಾರ ಚಕ್ರ ಎಷ್ಟು ಗ್ರಾಂ, ಯಾರದು ಎಲೆಕ್ಟ್ರಾನಿಕ್ ಗೇರು, ಯಾರ ಬೂಟು ಎಲ್ಲಿಂದ ಬಂತು. ನನ್ನದು ಹನ್ನೊಂದು ಕಿಲೋ ತೂಗುವ ಸಾಧಾರಣ ಸೈಕಲ್ಲು, ಮೇಲೆ ಮುಟ್ಟಲು 25 ನಿಮಿಷ. ಹೊಸ ಭಾಗಗಳಿಂದ 400 ಗ್ರಾಂ ಇಳಿಯುತ್ತದೆ ಎಂದು ಜಾಹೀರಾತು ಹೇಳಿತ್ತು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ತಕ್ಕಡಿಯಲ್ಲಿಟ್ಟು ನೋಡಿದೆ, ಇಳಿದಿತ್ತು.

ಲೆಕ್ಕ ಹಾಕಿದವನು ಹಾಸ್ಟೆಲಿನ ಪಕ್ಕದ ಕೋಣೆಯ ಭೌತಶಾಸ್ತ್ರದ ಗೆಳೆಯ. ‘ಬೆಟ್ಟ ಹತ್ತೋದು ಸೈಕಲ್ ಒಂದೇ ಅಲ್ಲ ಮಾರಾಯ, ನೀನೂ ಹತ್ತಬೇಕಲ್ಲ’ ಎಂದ. ನಾನು, ಸೈಕಲ್ಲು, ನೀರಿನ ಬಾಟಲಿ ಎಲ್ಲ ಸೇರಿ 85 ಕಿಲೋ. ಅದರಲ್ಲಿ 400 ಗ್ರಾಂ ಎಂದರೆ ನೂರಕ್ಕೆ ಅರ್ಧ ಪಾಲೂ ಇಲ್ಲ. 25 ನಿಮಿಷದ ಏರಿನಲ್ಲಿ ಉಳಿಯುವುದು ಸುಮಾರು ಏಳು ಸೆಕೆಂಡು. ಬಾಟಲಿಯಲ್ಲಿ ಅರ್ಧ ಲೀಟರ್ ನೀರು ಕಡಿಮೆ ತುಂಬಿಸಿಕೊಂಡಿದ್ದರೆ ಅದಕ್ಕಿಂತ ಹೆಚ್ಚೇ ಉಳಿಯುತ್ತಿತ್ತು.

ಅಂತರರಾಷ್ಟ್ರೀಯ ರೇಸುಗಳಲ್ಲಿ ಸೈಕಲ್ಲಿನ ತೂಕ 6.8 ಕಿಲೋಗಿಂತ ಕಡಿಮೆ ಇರಬಾರದು ಎಂಬ ನಿಯಮ 2000ದಿಂದಲೇ ಇದೆ. ಅಲ್ಲಿ ಸೆಕೆಂಡುಗಳಿಗೆ ಪದಕದ ಬೆಲೆ ಇದೆ. ನನ್ನ ಏಳು ಸೆಕೆಂಡಿಗೆ ಮೇಲೆ ಕಾಯುತ್ತಿದ್ದುದು ಒಂದು ಲೋಟ ಟೀ.

ಇಷ್ಟಾದರೂ ಬುದ್ಧಿ ಬರಲಿಲ್ಲ. ಪೆಡಲಿಗೆ ಕಚ್ಚಿಕೊಳ್ಳುವ ಬೂಟು ಕೊಂಡೆ. ಪೆಡಲನ್ನು ತುಳಿಯುವುದಷ್ಟೇ ಅಲ್ಲ, ಮೇಲಕ್ಕೂ ಎಳೆಯಬಹುದು, ಶಕ್ತಿ ಇಮ್ಮಡಿ ಎಂದು ಗುಂಪಿನಲ್ಲಿ ಹೇಳಿದ್ದರು. ನಿಜವಾಗಿ ನುರಿತ ಸವಾರರೂ ಮೇಲಕ್ಕೆ ಎಳೆಯುವುದು ಬಹಳ ಕಡಿಮೆ, ಕೆಲಸವೆಲ್ಲ ಕೆಳಮುಖದ ತುಳಿತದಲ್ಲೇ. ಅದನ್ನು ತಿಳಿದುಕೊಳ್ಳುವ ಮೊದಲೇ ಸಿಗ್ನಲ್ಲೊಂದರಲ್ಲಿ ಕಾಲು ಬಿಡಿಸಿಕೊಳ್ಳಲಾಗದೆ, ನಿಂತಲ್ಲೇ, ಕಡಿದ ಬಾಳೆಗಿಡದ ಹಾಗೆ ಬಿದ್ದೆ. ಹೂ ಮಾರುತ್ತಿದ್ದ ಅಜ್ಜಿ ಎದ್ದು ಬಂದು, ‘ಅದ್ಯಾಕಪ್ಪಾ ಕಾಲು ಕಟ್ಟಾಕ್ಕೊಂಡಿದ್ದೀಯಾ?’ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಬಾಗಿದ ಹ್ಯಾಂಡಲ್ ಸರಿ ಮಾಡಿಸಲು ಹಾಸ್ಟೆಲ್ ಹತ್ತಿರದ ಪಂಕ್ಚರ್ ಅಂಗಡಿಗೆ ಹೋದೆ. ಅಂಗಡಿಯವರು ಕಾರ್ಬನ್ ಕಡೆ ಕಣ್ಣೂ ಹಾಯಿಸಲಿಲ್ಲ. ಟೈರನ್ನು ಹೆಬ್ಬೆರಳಿನಲ್ಲಿ ಒತ್ತಿ, ‘ಇದೇನ್ ಸಾರ್, ಕಲ್ಲಾಗದೆ’ ಎಂದು ಗಾಳಿ ಬಿಟ್ಟರು. ಸೀಟನ್ನು ಎರಡು ಬೆರಳು ಎತ್ತರಿಸಿದರು. ತಿಂಗಳುಗಟ್ಟಲೆ ಕಾಡಿದ್ದ ಮಂಡಿನೋವು ಒಂದು ವಾರದಲ್ಲಿ ಹೋಯಿತು. ಟೈರು ತೆಳ್ಳಗಿದ್ದಷ್ಟೂ, ಬಿಗಿಯಾಗಿದ್ದಷ್ಟೂ ವೇಗ ಎಂದು ನಂಬಿದ್ದೆ. ವೃತ್ತಿಪರರೂ ಒಂದು ಕಾಲಕ್ಕೆ ಹಾಗೇ ನಂಬಿ 23 ಮಿಲಿಮೀಟರಿನ ಟೈರು ಓಡಿಸುತ್ತಿದ್ದರು. ಈಗ 28ಕ್ಕೂ ಅದಕ್ಕಿಂತ ಅಗಲಕ್ಕೂ ಬಂದಿದ್ದಾರೆ. ಒರಟು ರಸ್ತೆಯಲ್ಲಿ ಕಲ್ಲಿನಂಥ ಟೈರು ಕುಪ್ಪಳಿಸುತ್ತದೆ, ಶಕ್ತಿಯೆಲ್ಲ ಮೈ ನಡುಗುವುದರಲ್ಲೇ ಸೋರಿಹೋಗುತ್ತದೆ. ಅಂಗಡಿಯವರು ತೆಗೆದುಕೊಂಡದ್ದು ಐವತ್ತು ರೂಪಾಯಿ, ಅದೂ ಹ್ಯಾಂಡಲ್ಲಿಗೆ.

ಹೊಸದೆಲ್ಲ ಬೂಟಾಟಿಕೆ ಎನ್ನುವಂತಿಲ್ಲ. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ಲಿಗೆ ಗಾಳಿ ತುಂಬಿದ ಟೈರು ಕಟ್ಟಿದ. ಅದು ಬಂದ ಮೇಲೆ ಸೈಕಲ್ಲು ಮೊದಲಿನಂತೆ ಉಳಿಯಲಿಲ್ಲ. ಆದರೆ ಆತನ ಕಣ್ಣ ಮುಂದೆ ಮಗನ ಕುಲುಕಾಟವೆಂಬ ಒಂದು ಕಷ್ಟವಿತ್ತು. ನನಗಿದ್ದ ಕಷ್ಟ ಬರೆಯದ ಅಧ್ಯಾಯದ್ದು. ಬೆಳಿಗ್ಗೆ ಕಂಪ್ಯೂಟರ್ ತೆರೆದು ಬರೆಯಲಾಗದೆ ಕೂತಾಗೆಲ್ಲ ಫೋರ್ಕುಗಳ ವಿಮರ್ಶೆ ಓದುತ್ತಿದ್ದೆ. ಕೊಂಡಾಗ ಏನೋ ಮುಂದೆ ಸಾಗಿದೆ ಎನ್ನಿಸುತ್ತಿತ್ತು.

ಹಬ್ಬಕ್ಕೆ ಊರಿಗೆ ಹೋದಾಗ ಬಾಯಿತಪ್ಪಿ ಎಲ್ಲ ಹೇಳಿಬಿಟ್ಟೆ. ಅಪ್ಪ ಇಪ್ಪತ್ತು ವರ್ಷ ಅಟ್ಲಾಸ್ ಸೈಕಲ್ಲಿನ ಕ್ಯಾರಿಯರಿಗೆ ಎರಡೂ ಕಡೆ ಕ್ಯಾನು ಕಟ್ಟಿ ಹಾಲು ಹಾಕಿದವರು. ಬೈಯಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ, ‘ನಾವು ತೂಕ ಹೊತ್ತು ದುಡ್ಡು ಇಸ್ಕೊತಿದ್ವು. ನೀವು ತೂಕ ಇಳ್ಸೋಕೆ ದುಡ್ಡು ಕೊಡ್ತೀರಾ?’ ಎಂದರು. ಅಮ್ಮನಿಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ಮುಂಚೆ ಅಮ್ಮ ಹಾಗೆ ಬಾಯಿ ಮುಚ್ಚಿ ನಗುತ್ತಿರಲಿಲ್ಲ.

ಮೈಸೂರಿಗೆ ಬಂದವನು ಫೋರ್ಕ್, ಸೀಟ್ ಪೋಸ್ಟ್ ಎರಡನ್ನೂ ಬಿಚ್ಚಿಸಿ ಗುಂಪಿನಲ್ಲೇ ಮಾರಾಟಕ್ಕಿಟ್ಟೆ. ಅರ್ಧ ಬೆಲೆಗೆ ಹೋಯಿತು. ಆ ಹಣವನ್ನು ಅವತ್ತೇ ಊರಿಗೆ ಕಳಿಸಿದೆ, ಉಳಿದದ್ದನ್ನು ಕಂತಿನಿಂದ ತುಂಬಬೇಕು. ಕೊಂಡ ಹುಡುಗ ಫೋರ್ಕನ್ನು ಅಂಗೈಯಲ್ಲಿ ತೂಗಿ ನೋಡುತ್ತಾ, ‘ಬೆಟ್ಟದಲ್ಲಿ ವ್ಯತ್ಯಾಸ ಗೊತ್ತಾಗುತ್ತಾ ಸಾರ್?’ ಎಂದ.

ಸುಳ್ಳು ಹೇಳಬಾರದಲ್ಲ. ‘ಏಳು ಸೆಕೆಂಡು’ ಎಂದೆ.

‘ಏಳು ಸೆಕೆಂಡಾ!’ ಎಂದ ಅವನ ಮುಖ ಖುಷಿಯಿಂದ ಅರಳಿತು.